ಬ್ರೇಕ್ ಪ್ಯಾಡ್ ಬದಲಿಸಿದರೂ ಎಡಕ್ಕೆ ಎಳೆಯುವ ಗಾಡಿ

ಆರು ತಿಂಗಳಲ್ಲಿ ಎರಡು ಸಲ ಬ್ರೇಕ್ ಪ್ಯಾಡ್ ಹಾಕಿಸಿದರೂ, ಖಂಡಾಲಾ ಘಾಟ್ ಇಳಿದ ಮೇಲೆ ಮುಂದಿನ ಎಡ ಚಕ್ರ ಕಾದು ಗಾಡಿ ಎಡಕ್ಕೆ ಎಳೆಯುತ್ತೆ ಅಂದಿರಲ್ವಾ ಸರ್, ತಪ್ಪು ಪ್ಯಾಡಿನದ್ದಲ್ಲ. ಸುಮ್ನೆ ಮೂರನೇ ಸೆಟ್‌ಗೆ ದುಡ್ಡು ಸುರಿಯಬೇಡಿ.

ಒಂದಿಷ್ಟು ಓಡಿಸಿ ಬಂದ ಕೂಡಲೇ ಗ್ಯಾರೇಜಿನಲ್ಲಿ ಜಾಕ್ ಹಾಕಿಸಿ, ಆ ಚಕ್ರ ತಿರುಗಿಸಿ ನೋಡಿ. ಬಿಗಿಯಾಗಿದ್ದರೆ ಮೆಕ್ಯಾನಿಕ್‌ಗೆ ಬ್ಲೀಡರ್ ನಿಪ್ಪಲ್ (ಬ್ರೇಕ್ ಆಯಿಲ್ ಹೊರಬಿಡುವ ಸ್ಕ್ರೂ) ಸ್ವಲ್ಪ ಸಡಿಲಿಸಲು ಹೇಳಿ. ಆಯಿಲ್ ಚಿಮ್ಮಿ ಚಕ್ರ ಸಲೀಸಾದರೆ, ಹೆಚ್ಚಾಗಿ ಆ ಆಯಿಲ್ ಹರಿಯುವ ರಬ್ಬರ್ ಹೋಸ್ ಒಳಗೇ ಊದಿಕೊಂಡಿರುತ್ತೆ. ಹೊರಗೆ ಚೆನ್ನಾಗೇ ಕಾಣುತ್ತೆ, ಅದೇ ಮೋಸ. ಆಗಲೂ ಬಿಗಿಯೇ ಇದ್ದರೆ ಕ್ಯಾಲಿಪರ್ (ಪ್ಯಾಡ್ ಹಿಡಿದು ಒತ್ತುವ ಭಾಗ) ಪಿಸ್ಟನ್ ಇಲ್ಲವೇ ಆ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಜಾಮ್.

ಡೊಂಬಿವಲಿಯಲ್ಲಿ ನನ್ನ 2005ರ ಗಾಡಿಯ ಪಿನ್ ಬಿಚ್ಚಿದಾಗ ಗ್ರೀಸ್ ಇರಲಿಲ್ಲ, ಬರೀ ಕೆಂಪು ತುಕ್ಕಿನ ಪುಡಿ. ಮುಂಬೈ ಮಳೆ, ಕೇಳಬೇಕೇ! ಪಿನ್ನಿಗೆ ಸಿಲಿಕೋನ್ ಗ್ರೀಸೇ ಹಾಕಿಸಿ, ಮಾಮೂಲಿ ಗ್ರೀಸ್ ರಬ್ಬರ್ ಬೂಟನ್ನು ಹಾಳು ಮಾಡುತ್ತೆ. ಬ್ರೇಕ್ ಸರಿಯಾಗುವವರೆಗೆ ಘಾಟ್ ಕಡೆ ಹೋಗಬೇಡಿ.