1.60 ಲಕ್ಷಕ್ಕೆ ಇಳಿಸಿದ್ದೀರಿ ಸರಿ, ಆದರೆ ಆ ಬೋಟಿನ ರೇಟು ಎಷ್ಟು?

ಗೌಡ್ರೇ, ನಿಮ್ಮ ಪೋಸ್ಟ್ ಈಗ ನೋಡಿದೆ. ಮಲ್ಪೆ ಕಡೆಯ 16 ಅಡಿ ಫೈಬರ್ ಬೋಟು, ಟೂ ಸ್ಟ್ರೋಕ್ ಯಮಾಹಾ ಎಂಜಿನ್, ಅದರ ಕವರ್ ಮೇಲೆ 15 (ಹೆಚ್‌ಪಿ) ಅಂತ ಇದೆ. ಮಾರುವವರು 1.85 ಲಕ್ಷ ಹೇಳಿದರು, ನೀವು ಮಾತಾಡಿ 1.60ಕ್ಕೆ ಇಳಿಸಿದಿರಿ, ಫೋನಿನಲ್ಲೇ ಹತ್ತು ಸಾವಿರ ಅಡ್ವಾನ್ಸ್ ಹಾಕಿದಿರಿ. ಭಾನುವಾರ ಕ್ಯಾಂಟರ್ ತಗೊಂಡು ಹೋಗಿ ತುಂಬಿಸಿಕೊಂಡು ಬರುವುದು, ಹೇಮಾವತಿ ಹಿನ್ನೀರಿಗೆ ಇಳಿಸಿ ಹೋಮ್‌ಸ್ಟೇ ಗೆಸ್ಟುಗಳನ್ನು ಸುತ್ತಾಡಿಸುವುದು. ಇಷ್ಟೆಲ್ಲ ಆದಮೇಲೆ ‘ರೇಟು ಸರಿ ಇದೆಯಾ’ ಅಂತ ಕೇಳುತ್ತಿದ್ದೀರಿ. ಬೈಯುತ್ತೇನೆ ಅಂದುಕೊಳ್ಳಬೇಡಿ, ಆದರೆ ಕೇಳಬೇಕಾಗಿದ್ದು ಅಡ್ವಾನ್ಸ್‌ಗೆ ಮುಂಚೆ ಅಲ್ವಾ? ನನ್ನ ಮೊದಲ ಬೋಟಿಗೆ ನಾನೂ ಇದೇ ದಾರಿ ಹಿಡಿದಿದ್ದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅವರು ಹೇಳಿದ್ದರಲ್ಲಿ ಎಷ್ಟು ಇಳಿಸಿದೆ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. 1.85 ಅನ್ನುವ ಅಂಕಿ ಅವರ ಬಾಯಲ್ಲಿ ಬಂದದ್ದು. ಮೂರು ಲಕ್ಷ ಅಂದಿದ್ದರೆ ನೀವು ಎರಡೂವರೆಗೆ ಇಳಿಸಿ ಐವತ್ತು ಸಾವಿರ ಉಳಿಸಿದೆ ಅನ್ನುತ್ತಿದ್ದಿರಿ. ಕಾಫಿ ಚೆರ್ರಿ ಮಾರುವಾಗ ಹೊರಗಿಂದ ಮೂಟೆ ನೋಡಿ ರೇಟು ಮಾತಾಡುತ್ತೀವಾ? ಮಾಯಿಶ್ಚರ್ ನೋಡಿ, ಓಟಿ (ಔಟ್‌ಟರ್ನ್, ಮೂಟೆಗೆ ಎಷ್ಟು ಬೇಳೆ ಸಿಗುತ್ತೆ ಅನ್ನುವ ಲೆಕ್ಕ) ತೆಗೆಸಿ, ಆಮೇಲೆ ಮಾತು. ಬೋಟಿಗೂ ಮೊದಲು ಓಟಿ ತೆಗೀರಿ.

ಅಂದರೆ ಬೋಟಿನ ಬಾಡಿ (ಎಂಜಿನ್ ಬಿಟ್ಟು ಉಳಿದದ್ದು) ಬೇರೆ ರೇಟು, ಎಂಜಿನ್ ಬೇರೆ ರೇಟು. ಒಟ್ಟಿಗೆ ಒಂದು ಅಂಕಿ ಯಾವತ್ತೂ ಒಪ್ಪಬೇಡಿ. ಅದೇ ಮೋಲ್ಡಿನ (ಅಚ್ಚಿನ) ಹೊಸ ಬಾಡಿ ಮಾಡಿಕೊಡಲು ಬೋಟು ಕಟ್ಟುವವರು ಇವತ್ತು ಎಷ್ಟು ಹೇಳುತ್ತಾರೆ, ಅದೇ ಹೆಚ್‌ಪಿಯ ಹೊಸ ಎಂಜಿನ್‌ಗೆ ಡೀಲರ್ ಎಷ್ಟು ಹೇಳುತ್ತಾನೆ, ಎರಡೂ ಫೋನಿನಲ್ಲೇ ಸಿಗುತ್ತೆ. ಅದರ ಮೇಲೆ ಇದರ ಸ್ಥಿತಿ ನೋಡಿ ಇಳಿಸಿಕೊಂಡು ಬನ್ನಿ. ಒಂದು ಅಂಕಿ ಹಾಕಿ ತೋರಿಸುತ್ತೇನೆ, ಇದು ಸುಮ್ನೆ ಲೆಕ್ಕಕ್ಕೆ, ಮಾರ್ಕೆಟ್ ರೇಟು ಅಂದುಕೊಂಡು ಅಲ್ಲಿ ಹೋಗಿ ಜಗಳ ಮಾಡಬೇಡಿ. ಹೊಸ ಬಾಡಿ 1 ಲಕ್ಷ, ಹೊಸ ಎಂಜಿನ್ 2 ಲಕ್ಷ ಅಂತ ಇಟ್ಟುಕೊಳ್ಳಿ. ಬಾಡಿ ಚೆನ್ನಾಗಿದ್ದರೆ ಅರ್ಧ, 50 ಸಾವಿರ. ಎಂಜಿನ್ ಟೆಸ್ಟ್ ಪಾಸಾದರೆ 80 ಸಾವಿರ. ಒಟ್ಟು 1.30. ಎಂಜಿನ್ ಕೂರಿಸುವ ಹಿಂದಿನ ಹಲಗೆ ಬದಲಾಯಿಸಲು 20 ಸಾವಿರ, ಇಂಪೆಲರ್ (ಎಂಜಿನ್ ತಣ್ಣಗಿಡುವ ನೀರಿನ ಪಂಪಿನ ಚಕ್ರ), ಸೀಲ್, ಕಾರ್ಬುರೇಟರ್ ಕೆಲಸಕ್ಕೆ 10, ಕ್ಯಾಂಟರ್ ಬಾಡಿಗೆ ಮತ್ತು ಲೋಡಿಂಗ್‌ಗೆ 15 ಕಳೆಯಿರಿ. ಉಳಿದದ್ದು 85 ಸಾವಿರ. ಅವರ ಕೈಗೆ ಕೊಡಬಹುದಾದ್ದು ಅಷ್ಟೇ. ಸಾಗಾಟ ಯಾಕೆ ಕಳೆಯಬೇಕು ಅಂತ ಕೇಳಬೇಡಿ. ಬೋಟು ಮಲ್ಪೆಯಲ್ಲಿ ನಿಂತಿದ್ದರೆ ನಿಮಗೇನು ಉಪಯೋಗ? ನಿಮ್ಮ ನೀರಿಗೆ ಬಂದು ಇಳಿಯುವ ಹೊತ್ತಿಗೆ ಎಷ್ಟಾಯ್ತು ಅನ್ನುವುದೇ ಬೆಲೆ.

ಆನ್‌ಲೈನ್ ಜಾಹೀರಾತು ನೋಡಿ ಆವರೇಜ್ ತೆಗೆದೆ ಅಂತ ಬರೆದಿದ್ದೀರಿ. ಅಲ್ಲಿರುವುದು ಮಾರುವವರ ಆಸೆ, ವ್ಯಾಪಾರ ಆದ ರೇಟಲ್ಲ. ಒಳ್ಳೆ ಮಾಲು ಬೇಗ ಹೋಗುತ್ತೆ, ಜಾಹೀರಾತೂ ಹೋಗುತ್ತೆ. ತಿಂಗಳುಗಟ್ಟಲೆ ಉಳಿದಿರುವುದು ರೇಟು ಜಾಸ್ತಿ ಇರುವುದೇ, ನೀವು ಅವುಗಳ ಆವರೇಜ್ ತೆಗೆದಿದ್ದೀರಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ಯಾವುದು ಎಷ್ಟಕ್ಕೆ ಇಳಿಯಿತು ಅಂತ ನೋಡುತ್ತಿರಿ. ಬಂದರಿನ ಹತ್ತಿರ ಓಬಿಎಂ (ಔಟ್‌ಬೋರ್ಡ್, ಅಂದರೆ ಬೋಟಿನ ಹಿಂದೆ ಕೂರಿಸುವ ಎಂಜಿನ್) ರಿಪೇರಿ ಮಾಡುವ ಮೆಕ್ಯಾನಿಕ್‌ಗೆ ಒಂದು ಟೀ ಕುಡಿಸಿ, ‘ಇಂಥದ್ದು ಕೊನೆಗೆ ಎಷ್ಟಕ್ಕೆ ಹೋಯ್ತು’ ಅಂತ ಕೇಳಿ. ಬ್ರೋಕರ್‌ನ ಕೇಳಬೇಡಿ.

ಇನ್ನು ಬಾಡಿ. ನಾಣ್ಯದಲ್ಲಿ ತಟ್ಟಿ ನೋಡುವುದು ನಿಮಗೆ ಗೊತ್ತಿರುತ್ತೆ. ಟಕ್ ಟಕ್ ಅಂದರೆ ಸರಿ, ಡಬ್ ಅಂದರೆ ಪದರ ಬಿಟ್ಟಿದೆ ಅಥವಾ ಒಳಗೆ ಮರ ನೆನೆದಿದೆ. ನನ್ನ ಪ್ರಕಾರ ತಟ್ಟುವುದಕ್ಕಿಂತ ಒಳ್ಳೇದು ತೂಗುವುದು. ಎಲ್ಲರೂ ನಗುತ್ತಾರೆ, ನಗಲಿ. ಫ್ಲೋರ್ ಕೆಳಗೆ ತೇಲಲಿ ಅಂತ ಫೋಮ್ ತುಂಬಿರುತ್ತಾರೆ, ಎಂಜಿನ್ ಕೂರಿಸುವ ಹಿಂದಿನ ಹಲಗೆಯ ಒಳಗೆ ಪ್ಲೈವುಡ್ ಇರುತ್ತೆ. ಎಲ್ಲೋ ಒಂದು ಸ್ಕ್ರೂ ತೂತಿನಿಂದ ನೀರು ಇಳಿಯಲು ಶುರುವಾದರೆ ಇವೆರಡೂ ಕುಡಿಯುತ್ತವೆ, ವಾಪಸ್ ಬಿಡುವುದಿಲ್ಲ. ಹೊರಗೆ ಹೊಸ ಪೇಂಟ್ ಹೊಡೆದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ತೂಕ ಮಾತ್ರ ಹೇಳಿಬಿಡುತ್ತೆ. ಒಂದು ಲೀಟರ್ ನೀರು ಒಂದು ಕೆಜಿ.

ಇದಕ್ಕೆ ವೇ ಬ್ರಿಡ್ಜ್‌ಗೆ ಹೋಗಬೇಡಿ. ಲಾರಿ ತೂಗುವ ಮಿಷನ್ 10 ಕೆಜಿ, 20 ಕೆಜಿ ಹೆಜ್ಜೆಯಲ್ಲಿ ತೋರಿಸುತ್ತೆ, ಸಣ್ಣ ಬೋಟಿಗೆ ಅದು ಸಾಲದು. ಮೂಟೆ ತೂಗುವ ಪ್ಲಾಟ್‌ಫಾರಂ ಮಿಷನ್ ಸಾಕು. ಎಂಜಿನ್, ಟ್ಯಾಂಕ್, ಲಂಗರು, ಹಗ್ಗ ಎಲ್ಲ ಇಳಿಸಿ. ಡ್ರೈನ್ ಪ್ಲಗ್ ತೆಗೆದು, ಮೂತಿ ಎತ್ತಿ, ನಿಂತ ನೀರು ಪೂರ್ತಿ ಸುರಿಯಲು ಬಿಡಿ. ಬೋಟಿನ ಕೆಳಗೆ ಮೂತಿಯ ಕಡೆ ಒಂದು ರೀಪು, ಹಿಂದುಗಡೆ ಒಂದು ರೀಪು ಅಡ್ಡ ಇಡಿ. ಮೂತಿಯ ಕಡೆಯ ರೀಪು ಮಿಷನ್ ಮೇಲೆ ಕೂರಲಿ, ಹಿಂದಿನದು ಅಷ್ಟೇ ಎತ್ತರದ ಇಟ್ಟಿಗೆ ಮೇಲೆ. ಬೋಟು ಮಟ್ಟಸವಾಗಿರಬೇಕು. ಅಂಕಿ ಬರೆದುಕೊಳ್ಳಿ. ಆಮೇಲೆ ರೀಪುಗಳ ಜಾಗ ಕದಲಿಸದೆ ಮಿಷನ್ ಹಿಂದಕ್ಕೆ, ಇಟ್ಟಿಗೆ ಮುಂದಕ್ಕೆ. ಎರಡೂ ಕೂಡಿದರೆ ಒಟ್ಟು ತೂಕ. ಖಾಲಿ ಬಾಡಿ ಎಷ್ಟಿರಬೇಕು ಅನ್ನುವುದು ಕಟ್ಟಿದವರಿಗೆ ಗೊತ್ತಿರುತ್ತೆ. ಅವರು ಸಿಗದಿದ್ದರೆ ಅದೇ ಮೋಲ್ಡಿನ ಇನ್ನೊಂದು ಬೋಟು ಅಲ್ಲೇ ದಡದಲ್ಲಿ ಇರುತ್ತೆ, ಅದನ್ನು ತೂಗಲು ಬಿಟ್ಟರೆ ಇನ್ನೂ ಒಳ್ಳೇದು.

ನಮ್ಮ ಭಾವ ಒಂದು ಬೋಟಿಗೆ ಮನಸ್ಸು ಮಾಡಿದ್ದರು, ನೀಲಿ ಬಣ್ಣ, ಗಾಜಿನ ಥರ ಹೊಳೆಯುತ್ತಿತ್ತು. ತೂಗಿದರೆ ಕಟ್ಟಿದವರು ಹೇಳಿದ್ದಕ್ಕಿಂತ 70 ಕೆಜಿ ಜಾಸ್ತಿ. ಮಾರುವವನು ‘ರಿಪೇರಿಗೆ ಎರಡು ಪದರ ಫೈಬರ್ ಜಾಸ್ತಿ ಹಾಕಿಸಿದ್ದೀನಿ, ಸ್ಟ್ರಾಂಗ್ ಆಗಲಿ ಅಂತ’ ಅಂದ. ಫ್ಲೋರಿನಲ್ಲಿ ಮೂಲೆಗೆ ಒಂದು ಸ್ಕ್ರೂ ಬಿಚ್ಚಿದ್ದೇ ತಡ, ತೂತಿನಿಂದ ಕಂದು ನೀರು ಒಸರಿತು. ಮೂತಿ ಇನ್ನಷ್ಟು ಎತ್ತಿದೆವು, ಸಂಜೆಯವರೆಗೂ ನಿಲ್ಲಲಿಲ್ಲ. ಅಂಥ ಫೋಮ್ ಬಿಸಿಲಿಗೆ ಒಣಗುವುದಿಲ್ಲ. ಫ್ಲೋರ್ ಕತ್ತರಿಸಿ ಕಿತ್ತು ಹೊಸದು ತುಂಬಬೇಕು. ಹೌದು, ಕೆಲವು ಸಲ ನಿಜವಾಗಲೂ ಜಾಸ್ತಿ ಪದರ ಹಾಕಿರುತ್ತಾರೆ, ಅದೂ ತೂಕವೇ. ಅದಕ್ಕೇ ತೂಕ ಜಾಸ್ತಿ ಬಂತು ಅಂದ ತಕ್ಷಣ ಎದ್ದು ಬರಬೇಡಿ, ಒಂದು ಸ್ಕ್ರೂ ಬಿಚ್ಚಲು ಕೇಳಿ. ಬಿಡುವುದಿಲ್ಲ ಅಂದರೆ ಎದ್ದು ಬನ್ನಿ. ಫೋಮೇ ಇಲ್ಲದ ಬಾಡಿಯೂ ಇರುತ್ತೆ, ಅದಕ್ಕೆ ಈ ಲೆಕ್ಕ ಅಷ್ಟಾಗಿ ಉಪಯೋಗ ಇಲ್ಲ. ಆದರೆ ಗೆಸ್ಟ್ ಕೂರಿಸುವವರು ಫೋಮ್ ಇಲ್ಲದ್ದನ್ನು ಯಾಕೆ ತಗೋಬೇಕು? ಹಳೇ ಮರದ ದೋಣಿಗೆ ಮೇಲೆ ಫೈಬರ್ ಹೊದಿಸಿ ‘ಫೈಬರ್ ಬೋಟು’ ಅಂತ ಮಾರುವವರೂ ಇದ್ದಾರೆ. ಒಳಗೆ ಪಕ್ಕೆ ಮರ ಕಂಡರೆ ಫೈಬರ್ ರೇಟು ಬಿಟ್ಟುಬಿಡಿ.

ಹಿಂದಿನ ಹಲಗೆಗೆ ಇನ್ನೊಂದು ಪರೀಕ್ಷೆ. ಎಂಜಿನ್ ಕೂರಿಸಿರುವಾಗ ಅದರ ಕಾಲು (ನೀರಿಗಿಳಿಯುವ ಕೆಳಭಾಗ) ಹಿಡಿದು ಮೇಲೆ ಕೆಳಗೆ ಜಗ್ಗಿ. ಒಬ್ಬರು ಜಗ್ಗಲಿ, ಇನ್ನೊಬ್ಬರು ಹಲಗೆ ನೋಡಲಿ. ಹಲಗೆ ಅಲುಗಿದರೆ, ಮೂಲೆಯಲ್ಲಿ ಬಿರುಕು ಬಾಯಿ ಬಿಟ್ಟರೆ, ಬದಲಾಯಿಸುವ ಖರ್ಚು ಪೂರ್ತಿ ಕಳೆಯಿರಿ. ಜೆಲ್‌ಕೋಟ್ (ಹೊರಗಿನ ಹೊಳಪಿನ ಪದರ) ಮೇಲೆ ಸಣ್ಣ ಗೆರೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ಎಂಜಿನ್. ‘ನೀವು ಬರೋ ಹೊತ್ತಿಗೆ ಸ್ಟಾರ್ಟ್ ಮಾಡಿ ಇಟ್ಟಿರ್ತೀನಿ’ ಅಂತ ಅವರು ಹೇಳಿದ್ದು ನಿಮಗೆ ಉಪಕಾರ ಅನ್ನಿಸಿದೆ. ಅಲ್ಲ. ಬಿಸಿ ಎಂಜಿನ್ ಎಂಥದ್ದೂ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತೆ. ಹೋದ ತಕ್ಷಣ ಕವರ್ ಎತ್ತಿ ಬ್ಲಾಕ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಊಟ ಮಾಡಿಕೊಂಡು ಬನ್ನಿ, ತಣ್ಣಗಾದ ಮೇಲೆ ನೀವೇ ಹಗ್ಗ ಎಳೆಯಿರಿ. ಸ್ಟಾರ್ಟ್ ಮಾಡುವ ಮುಂಚೆಯೇ ಗೇರ್ ಬಾಕ್ಸಿನ ಕೆಳಗಿನ ಸ್ಕ್ರೂ ಸ್ವಲ್ಪ ಸಡಿಲಿಸಿ. ರಾತ್ರಿಯಿಡೀ ನೇರ ನಿಂತ ಎಂಜಿನ್‌ನಲ್ಲಿ ನೀರು ಎಣ್ಣೆಯ ಕೆಳಗೆ ಕೂತಿರುತ್ತೆ, ಮೊದಲು ಅದೇ ತೊಟ್ಟಿಕ್ಕುತ್ತೆ. ಓಡಿಸಿದ ಮೇಲಾದರೆ ಎಣ್ಣೆ ಬೆಳ್ಳಗೆ ಕದಡಿ ಬರುತ್ತೆ. ಎರಡರಲ್ಲಿ ಯಾವುದು ಕಂಡರೂ ಸೀಲ್ ಹೋಗಿದೆ. ಸೀಲ್ ಬೆಲೆ ಕಮ್ಮಿ, ಆದರೆ ಗೇರಿಗೆ ತುಕ್ಕು ಹಿಡಿದಿದ್ದರೆ ಕಮ್ಮಿ ಅಲ್ಲ.

ಕಂಪ್ರೆಶನ್ ಗೇಜ್ (ಸಿಲಿಂಡರಿನ ಒತ್ತಡ ಅಳೆಯುವುದು) ಬೈಕ್ ಮೆಕ್ಯಾನಿಕ್ ಹತ್ತಿರ ಸಿಗುತ್ತೆ, ಕೇಳಿ ತಗೊಂಡು ಹೋಗಿ. ಎರಡೂ ಪ್ಲಗ್ ತೆಗೆದು, ಪ್ಲಗ್ ವೈರ್ ಎಂಜಿನ್ ಬ್ಲಾಕಿಗೆ ಅರ್ತ್ ಮಾಡಿ, ಆಕ್ಸಿಲರೇಟರ್ ಪೂರ್ತಿ ತೆರೆದು ಎಳೆಯಿರಿ. ಎರಡು ಸಿಲಿಂಡರಿನ ನಡುವೆ ಹತ್ತು ಪರ್ಸೆಂಟ್‌ಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಅದನ್ನು ಓಡುವ ಎಂಜಿನ್ ರೇಟಿಗೆ ತಗೋಬೇಡಿ. ಡ್ರಮ್ಮಿನಲ್ಲಿ ಓಡಿಸಿ ತೋರಿಸಿದರೆ ಸ್ಟಾರ್ಟ್ ಆಗುತ್ತಾ, ಹಿಂದಿನಿಂದ ನೀರು ಚಿಮ್ಮುತ್ತಾ ಅನ್ನುವುದಷ್ಟೇ ಗೊತ್ತಾಗುವುದು. ನೀರಿಗಿಳಿಸಿ, ಮೂರು ನಾಲ್ಕು ಜನ ಕೂತು, ಫುಲ್ ಆಕ್ಸಿಲರೇಟರ್‌ನಲ್ಲಿ ಹತ್ತು ನಿಮಿಷ ಹೋಗಲೇಬೇಕು.

ಕವರಿನ ಸ್ಟಿಕ್ಕರ್ ನಂಬಬೇಡಿ. ಬೋಟಿಗೆ ಕ್ಲಾಂಪ್ ಆಗುವ ಬ್ರಾಕೆಟ್ ಮೇಲೆ ಸಣ್ಣ ಪ್ಲೇಟ್ ಇರುತ್ತೆ, ಮಾಡೆಲ್ ಮತ್ತು ಸೀರಿಯಲ್ ನಂಬರು ಅಲ್ಲಿದೆ. ಯಮಾಹಾದ ಕೆಲವು 9.9 ಮತ್ತು 15ರ ಬ್ಲಾಕ್ ಒಂದೇ ಸೈಜು, ಹೊರಗಿಂದ ನೋಡಿದರೆ ಗೊತ್ತಾಗುವುದಿಲ್ಲ. ಪ್ಲೇಟ್ ಕಿತ್ತಿದ್ದರೆ ವಾಪಸ್ ಬನ್ನಿ, ರೇಟು ಎಷ್ಟೇ ಕಮ್ಮಿ ಇರಲಿ. ಅದೇ ಪ್ಲೇಟಿನಲ್ಲಿ ಅದು ಸೀಮೆಎಣ್ಣೆ ಮಾಡೆಲ್ಲಾ ಅಂತಲೂ ನೋಡಿ. ಕರಾವಳಿಯಲ್ಲಿ ಅಂಥವು ಬಹಳ, ಪೆಟ್ರೋಲಲ್ಲಿ ಸ್ಟಾರ್ಟ್ ಮಾಡಿ ಆಮೇಲೆ ಸೀಮೆಎಣ್ಣೆಗೆ ಹಾಕುತ್ತಾರೆ. ಅಲ್ಲಿ ಮೀನುಗಾರರಿಗೆ ಸಬ್ಸಿಡಿ ಸೀಮೆಎಣ್ಣೆ ಇದೆ. ಸಕಲೇಶಪುರದಲ್ಲಿ ನೀವು ಎಲ್ಲಿಂದ ತರುತ್ತೀರಿ?

ಬ್ರ್ಯಾಂಡ್ ಬಗ್ಗೆ ಇಲ್ಲಿ ಜಗಳ ಬೇಡ. ನನಗೆ ಯಮಾಹಾ ಇಷ್ಟ, ಕಾರಣ ಒಂದೇ, ಉಡುಪಿ ಮಂಗಳೂರಿನಲ್ಲಿ ಪಾರ್ಟ್ಸ್ ಮತ್ತು ಕೈ ಹಾಕುವವರು ಸಿಗುತ್ತಾರೆ. ಸುಜುಕಿ ಬೇಡ ಅನ್ನುವುದಿಲ್ಲ. ಟೊಹಾಟ್ಸು ಒಳ್ಳೆ ಎಂಜಿನ್, ಮರ್ಕ್ಯುರಿಗೂ ಸಣ್ಣ ಎಂಜಿನ್ ಮಾಡಿಕೊಟ್ಟವರು ಅವರೇ, ಆದರೆ ಪಾರ್ಟ್ಸ್ ಎಲ್ಲಿ ಸಿಗುತ್ತೆ ಅಂತ ಮೊದಲು ಕೇಳಿ. ಹೆಸರೇ ಗೊತ್ತಿಲ್ಲದ ಕಂಪನಿಯ ಎಂಜಿನ್ ಜೊತೆ ಬಂದರೆ ಅದಕ್ಕೆ ಸೊನ್ನೆ ಹಾಕಿ, ಬರೀ ಬೋಟಿನ ಬಾಡಿ ನೋಡಿ ರೇಟು ಕಟ್ಟಿ.

ಒಂದು ವಿಷಯ ಯಾರೂ ಹೇಳುವುದಿಲ್ಲ. ಮಲ್ಪೆಯಲ್ಲಿ ಸಮುದ್ರ ಮಟ್ಟ. ಹೇಮಾವತಿಯ ಗೊರೂರು ಡ್ಯಾಂ ತುಂಬಿದಾಗ ನೀರು ಸಮುದ್ರ ಮಟ್ಟಕ್ಕಿಂತ 2922 ಅಡಿ ಮೇಲೆ. ಮೇಲೆ ಹತ್ತಿದಂತೆ ಗಾಳಿ ತೆಳುವಾಗಿ ಸಾವಿರ ಅಡಿಗೆ ಸುಮಾರು ಮೂರು ಪರ್ಸೆಂಟ್ ಪವರ್ ಹೋಗುತ್ತೆ, ಅಂದರೆ ನಮ್ಮಲ್ಲಿ ಹತ್ತಿರ ಹತ್ತಿರ ಒಂಬತ್ತು ಪರ್ಸೆಂಟ್ ಕಮ್ಮಿ. ಅಲ್ಲಿ ಎದ್ದು ಓಡಿದ ಬೋಟು ಇಲ್ಲಿ ಐದು ಜನ ಕೂತರೆ ಮಂಕಾಗುತ್ತೆ. ಎಂಜಿನ್ ಕೆಟ್ಟಿದೆ ಅಂತ ಮಾರಿದವರಿಗೆ ಬೈಯುವ ಮುಂಚೆ ಒಂದು ಇಂಚು ಕಮ್ಮಿ ಪಿಚ್ಚಿನ (ಒಂದು ಸುತ್ತಿಗೆ ಎಷ್ಟು ಮುಂದೆ ತಳ್ಳುತ್ತೆ ಅನ್ನುವ ಅಳತೆ) ಪ್ರೊಪೆಲರ್ ಹಾಕಿ ನೋಡಿ. ಹೇಗೂ ಎರಡು ಪ್ರೊಪೆಲರ್ ಬೇಕು. ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆ, ಹಳೇ ಗೋಡೆ ಎಲ್ಲ ಇದೆ, ನೀರು ಇಳಿಯುವಾಗ ಶೆಟ್ಟಿಹಳ್ಳಿ ಚರ್ಚ್ ಕಡೆ ನೋಡಿದರೆ ಗೊತ್ತಾಗುತ್ತೆ.

ಕಾಗದ. ಸಮುದ್ರದಲ್ಲಿ ಮೀನು ಹಿಡಿದ ಬೋಟಾದರೆ ಐಎನ್‌ಡಿ-ಕೆಎ ಅಂತ ಶುರುವಾಗುವ ನಂಬರು ಇರುತ್ತೆ. ಅದರ ದಾಖಲೆ ಯಾರ ಹೆಸರಲ್ಲಿದೆ, ಸಾಲ ಅಥವಾ ಸಬ್ಸಿಡಿ ಇದೆಯಾ ಅಂತ ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಎಂಜಿನ್‌ಗೆ ಬಿಲ್ ಇಲ್ಲದಿದ್ದರೆ ಸೀರಿಯಲ್ ನಂಬರು ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ. ಎಂಜಿನ್ ಇರುವ ಒಳನಾಡು ಬೋಟಿಗೆ ಸರ್ವೆ, ರಿಜಿಸ್ಟ್ರೇಷನ್ ಎಲ್ಲ ಇದೆ, 1917ರ ಕಾಯ್ದೆ ಹೋಗಿ ಈಗ 2021ರ ಇನ್‌ಲ್ಯಾಂಡ್ ವೆಸೆಲ್ಸ್ ಕಾಯ್ದೆ. ಅದಕ್ಕಿಂತ ಮುಂಚೆ ನೀರಾವರಿ ನಿಗಮದ ಅನುಮತಿ. ಹಿನ್ನೀರು ನಮ್ಮ ತೋಟದ ಕೆರೆ ಅಲ್ಲ. ಲಕ್ಕವಳ್ಳಿಯ ಭದ್ರಾ ಹಿನ್ನೀರಿನ ಕಡೆಯವರು ಈ ಥ್ರೆಡ್ ಓದುತ್ತಿದ್ದರೆ, ನಿಮಗೆ ಭದ್ರಾ ಹುಲಿ ಸಂರಕ್ಷಿತ ಪ್ರದೇಶ ಪಕ್ಕದಲ್ಲೇ ಇದೆ, ಅರಣ್ಯ ಇಲಾಖೆ ಕೇಳದೆ ಒಂದು ರೂಪಾಯಿ ಖರ್ಚು ಮಾಡಬೇಡಿ. ಬರೀ ಸಂಜೆ ಗಾಳ ಹಾಕುವುದಕ್ಕಾದರೆ ಫೈಬರ್ ಹರಿಗೋಲು ಸಾಕು, ಈ ಎಂಜಿನ್ ತಲೆನೋವೇ ಇಲ್ಲ.

ಹಳೇ ಲೈಫ್ ಜಾಕೆಟ್ ‘ಫ್ರೀ’ ಅಂದರೆ ಅದಕ್ಕೆ ಬೆಲೆ ಸೇರಿಸಬೇಡಿ, ಗೆಸ್ಟಿಗೆ ಹೊಸದೇ ತಗೊಳ್ಳಿ. ಟೂ ಸ್ಟ್ರೋಕ್‌ಗೆ ಎಣ್ಣೆ ಎಷ್ಟು ಅಂತ ಮ್ಯಾನುಯಲ್ ನೋಡಿ, ಸಾಮಾನ್ಯವಾಗಿ 50:1, ಅಂದರೆ ಲೀಟರಿಗೆ 20 ಎಂಎಲ್. ಬೈಕಿನ ಎಣ್ಣೆ ಹಾಕಬೇಡಿ, ಓಬಿಎಂ ಎಣ್ಣೆ ಬೇರೆ ಇದೆ. ಈಗಿನ ಪೆಟ್ರೋಲಲ್ಲಿ ಎಥೆನಾಲ್ ಜಾಸ್ತಿ, ಗಾಳಿಯ ತೇವ ಎಳೆದುಕೊಳ್ಳುತ್ತೆ. ನಮ್ಮ ಮಳೆಗಾಲದಲ್ಲಿ ಕೇಳಬೇಕಾ? ನಿಲ್ಲಿಸುವ ಮುಂಚೆ ಪೆಟ್ರೋಲ್ ಪೈಪ್ ಕಿತ್ತು, ಕಾರ್ಬುರೇಟರ್ ಖಾಲಿ ಆಗಿ ಎಂಜಿನ್ ತಾನೇ ಆಫ್ ಆಗುವವರೆಗೆ ಬಿಡಿ, ನೀರಲ್ಲಿದ್ದಾಗಲೇ.

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷೇಧ. ಮಳೆ ಹಿಡಿಯುವ ಮುಂಚೆ, ಮೇ ಕೊನೆಗೆ, ಮಾರುವವರು ಚೆನ್ನಾಗಿ ಬಗ್ಗುತ್ತಾರೆ. ತಗೊಂಡಿದ್ದನ್ನು ಶಿರಾಡಿಯಲ್ಲಿ ಗುಡ್ಡ ಕುಸಿಯುವುದಕ್ಕೆ ಮುಂಚೆ ಮೇಲೆ ಹತ್ತಿಸಿಬಿಡಿ, ಆಗುಂಬೆಯಲ್ಲಿ ಹೆವಿ ಗಾಡಿ ಬಿಡುವುದಿಲ್ಲ.

ಅಡ್ವಾನ್ಸ್ ಹೋದರೆ ಹೋಗಲಿ, ಹತ್ತು ಸಾವಿರ ಉಳಿಸಲು ಒಂದೂವರೆ ಲಕ್ಷ ಕೊಡಬೇಡಿ. ಭಾನುವಾರ ಕ್ಯಾಂಟರ್ ಬೇಡ, ಕಾರಲ್ಲಿ ಮೆಕ್ಯಾನಿಕ್ ಕರಕೊಂಡು ಹೋಗಿ. ಬ್ರಾಕೆಟ್ ಪ್ಲೇಟ್ ಮತ್ತು ಹಿಂದಿನ ಹಲಗೆಯ ಒಳಭಾಗದ ಫೋಟೋ ಇವತ್ತೇ ತರಿಸಿ ಇಲ್ಲಿ ಹಾಕಿ. ಮೂಟೆ ತೂಗುವ ಮಿಷನ್ ಬೇಕಾದರೆ ನಮ್ಮಲ್ಲಿದೆ, ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತೆ. ಶನಿವಾರ ಸಂಜೆಯೊಳಗೆ ಬಂದು ತಗೊಂಡು ಹೋಗಿ, ಸೋಮವಾರ ಮೆಣಸು ತೂಗಲು ನಮಗೆ ಬೇಕು.