ಬೇಸ್‌ಬಾಲ್ ಕಾಮೆಂಟೇಟರ್ ವಿನ್ ಸ್ಕಲ್ಲಿ ತೀರಿಕೊಂಡಾಗ ಲಾಸ್ ಏಂಜಲೀಸ್ ಜನ ಮನೆಯವರೇ ಹೋದಷ್ಟು ನೊಂದಿದ್ದೇಕೆ?

ಆ ದನಿ ಅವರ ಮನೆಯೊಳಗೇ ಇತ್ತು, ಅದಕ್ಕೆ. 1950ರಿಂದ 2016ರವರೆಗೆ, 67 ಸೀಸನ್, ಡಾಡ್ಜರ್ಸ್ ಎಂಬ ಒಂದೇ ಬೇಸ್‌ಬಾಲ್ ತಂಡಕ್ಕೆ ಕಾಮೆಂಟರಿ ಹೇಳಿದವರು. 2022ರ ಆಗಸ್ಟ್ 2ರಂದು ತೀರಿಕೊಂಡಾಗ 94 ವರ್ಷ.

1958ರಲ್ಲಿ ತಂಡ ನ್ಯೂಯಾರ್ಕ್‌ನ ಬ್ರೂಕ್ಲಿನ್ ಬಿಟ್ಟು ಲಾಸ್ ಏಂಜಲೀಸ್‌ಗೆ ಬಂದಾಗ ಆಡಿದ್ದು ಕೊಲಿಸಿಯಂ ಎಂಬ ಭಾರೀ ಮೈದಾನದಲ್ಲಿ. ಹಿಂದೆ ಕೂತವರಿಗೆ ಆಟ ಸರಿಯಾಗಿ ಕಾಣುತ್ತಿರಲಿಲ್ಲ, ಹಾಗಾಗಿ ದುಡ್ಡು ಕೊಟ್ಟು ಒಳಗೆ ಬಂದವರೂ ಟ್ರಾನ್ಸಿಸ್ಟರ್ ಹಿಡಿದು ಇವರ ಮಾತು ಕೇಳುತ್ತಾ ಆಟ ನೋಡುತ್ತಿದ್ದರು. ಪಕ್ಕದಲ್ಲಿ ಇನ್ನೊಬ್ಬ ಕಾಮೆಂಟೇಟರ್ ಇರುತ್ತಿರಲಿಲ್ಲ ನೋಡಿ, ಹರಟೆಯೆಲ್ಲ ಕೇಳುಗರ ಜೊತೆಗೇ.

ಸುಮ್ನಿರೋದೂ ಗೊತ್ತಿತ್ತು. 1974ರಲ್ಲಿ ಹ್ಯಾಂಕ್ ಆರನ್ 715ನೇ ಹೋಮ್ ರನ್ (ಬೇಲಿಯಾಚೆ ಹೊಡೆತ, ನಮ್ಮ ಸಿಕ್ಸರ್ ಥರ) ಬಾರಿಸಿ ಬೇಬ್ ರೂತ್ ದಾಖಲೆ ಮುರಿದಾಗ ಇವರು ಮಾತು ನಿಲ್ಲಿಸಿ ಜನರ ಕೂಗನ್ನೇ ಕೇಳಿಸಿದರು.