ಕರೆ ಬಂದದ್ದು ಅಪ್ಪ ಅಮ್ಮನಿಗೆ, ಶಾಲೆ ಬದಲಾಗುವುದು ಮಕ್ಕಳಿಗೆ: ಒಂದು ಆಪ್ತಸಲಹೆ ಪ್ರಕರಣ

ಗಂಡ ಹೆಂಡತಿ ಇಬ್ಬರೂ ಮಿಷನರಿಗಳು, ಈ ಸೇವೆಗೆ ದೇವರೇ ಕರೆದಿದ್ದಾನೆ ಅಂತ ನಂಬಿದವರು; ಅದನ್ನೇ ಅವರು 'ಕರೆ' ಅನ್ನುವುದು. ಪೂರ್ವ ಆಫ್ರಿಕಾದ ಒಂದು ಒಳನಾಡಿಗೆ ನೇಮಕವಾಗಿತ್ತು. ಮಗಳಿಗೆ 14, ಮಗನಿಗೆ 8. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಅವರು ತಂದ ಪ್ರಶ್ನೆ ಇಷ್ಟೇ: ಇಬ್ಬರನ್ನೂ ಮಿಷನ್ ಬೋರ್ಡಿಂಗ್ ಶಾಲೆಗೆ ಹಾಕುವುದಾ, ಇಲ್ಲ ಅಮ್ಮನೇ ಮನೆಯಲ್ಲಿ ಕಲಿಸುವುದಾ?

ಮಕ್ಕಳು ಏನಂತಾರೆ ಅಂತ ಕೇಳಿದೆ. "ಅವರದೇನೂ ತಕರಾರಿಲ್ಲ ಮೇಡಂ, ಖುಷಿಯಾಗಿದ್ದಾರೆ" ಅಂದರು ತಂದೆ. ಮಗಳನ್ನು ಬೇರೆ ಕೂರಿಸಿ ಮಾತಾಡಿಸಿದೆ. ಮೊದಲು ಅವಳೂ ಅದನ್ನೇ ಹೇಳಿದಳು. ಆಮೇಲೆ ಸ್ವೆಟರ್‌ನ ತೋಳನ್ನು ಬೆರಳ ತುದಿವರೆಗೂ ಎಳೆದುಕೊಂಡು, "ಇದು ದೇವರ ಕೆಲಸ ಅಲ್ವಾ ಆಂಟಿ? ನಾನು ಬೇಡ ಅಂದ್ರೆ ಅದಕ್ಕೆ ಅಡ್ಡ ಬಂದ ಹಾಗೆ. ಅದಕ್ಕೇ ಸುಮ್ನಿದ್ದೀನಿ" ಅಂದಳು. ಅವರ ಸೇವೆಗೆ ಹಣ ಕೊಟ್ಟು ಪ್ರಾರ್ಥಿಸುವ ಬೆಂಬಲಿಗರಿಗೆ ಕಳಿಸುವ ಪ್ರಾರ್ಥನಾ ಪತ್ರದಲ್ಲಿ 'ಮಕ್ಕಳೂ ಸಂತೋಷದಿಂದ ಸಿದ್ಧರಾಗಿದ್ದಾರೆ' ಅಂತ ಅಪ್ಪ ಆಗಲೇ ಬರೆದಿದ್ದರಂತೆ, ಅವಳ ಫೋಟೋ ಸಮೇತ. ಅಷ್ಟು ಜನ ಓದಿದ ಮೇಲೆ ಅವಳು ಇಲ್ಲ ಅನ್ನುವುದು ಹೇಗೆ?

ಬ್ಯಾಂಕ್ ಕೆಲಸಕ್ಕೆ ಅಂತ ವಿದೇಶಕ್ಕೆ ಹೊರಟ ಅಪ್ಪನ ಜೊತೆ ಮಗಳು ಜಗಳ ಆಡಬಹುದು, ಬಾಗಿಲು ಬಡಿದು ಒಳಗೆ ಹೋಗಬಹುದು. ಇಲ್ಲಿ ಹಾಗಲ್ಲ. ಶಾಲೆಯ ಪ್ರಶ್ನೆ ಕರೆಯ ಪ್ರಶ್ನೆಯೊಳಗೆ ಸೇರಿಹೋಗಿರುತ್ತದೆ, ಶಾಲೆ ಬೇಡ ಅಂದರೆ ದೇವರನ್ನೇ ಬೇಡ ಅಂದಂತೆ ಮಗುವಿಗೆ ಅನ್ನಿಸುತ್ತದೆ. ಹಾಗಾಗಿ ನಾನು ಮೊದಲು ಹೇಳಿದ್ದು ಇದನ್ನು: ನೀವು ಹೋಗುವುದು ತೀರ್ಮಾನವಾಗಿದೆ, ಸರಿ. ಮಕ್ಕಳು ಎಲ್ಲಿ ಓದಬೇಕು ಅನ್ನುವುದು ಬೇರೆಯೇ ವಿಷಯ, ಅದರಲ್ಲಿ ಬೇಡ ಅಂದರೆ ಪಾಪ ಇಲ್ಲ ಅಂತ ನೀವೇ ಬಾಯಿಬಿಟ್ಟು ಅವಳಿಗೆ ಹೇಳಬೇಕು. ನಾನು ಹೇಳಿದರೆ ಅವಳು ನಂಬುವುದಿಲ್ಲ.

ತಂದೆಗೆ ಇದು ಅಷ್ಟಾಗಿ ಹಿಡಿಸಲಿಲ್ಲ. ಹಿಂದಿನವರು ಚಿಕ್ಕ ಚಿಕ್ಕ ಮಕ್ಕಳನ್ನೇ ಬೋರ್ಡಿಂಗಿಗೆ ಬಿಟ್ಟು ಹೋಗುತ್ತಿರಲಿಲ್ವಾ ಅಂದರು. ಹೋಗುತ್ತಿದ್ದರು, ನಿಜ. ಚೀನಾ ಇನ್‌ಲ್ಯಾಂಡ್ ಮಿಷನ್ 1881ರಲ್ಲಿ ಚೀನಾದ ಕರಾವಳಿ ಊರಾದ ಚೀಫೂದಲ್ಲಿ ಶಾಲೆ ತೆರೆದದ್ದೇ ಅದಕ್ಕೆ. ಎರಡನೇ ಮಹಾಯುದ್ಧದಲ್ಲಿ ಜಪಾನೀ ಸೇನೆ ಆ ಮಕ್ಕಳನ್ನೂ ಶಿಕ್ಷಕರನ್ನೂ ಶಿಬಿರದಲ್ಲಿ ಕೂಡಿಹಾಕಿತು. 1945ರ ಬಿಡುಗಡೆವರೆಗೂ ಎಷ್ಟೋ ಮಕ್ಕಳು ಅಪ್ಪ ಅಮ್ಮನ ಮುಖ ನೋಡಲಿಲ್ಲ. ಯುದ್ಧದ ಮಾತು ಬಿಡಿ. ಗಿನಿ ದೇಶದ ಮಾಮೂ ಮಿಷನ್ ಶಾಲೆಯಲ್ಲಿ ತಮ್ಮ ಮೇಲೆ ನಡೆದ ದೌರ್ಜನ್ಯದ ಬಗ್ಗೆ ಹಳೇ ವಿದ್ಯಾರ್ಥಿಗಳು ದೊಡ್ಡವರಾದ ಮೇಲೆ ಬಾಯಿಬಿಟ್ಟರು, 1990ರ ದಶಕದಲ್ಲಿ ಸ್ವತಂತ್ರ ವಿಚಾರಣೆಯೂ ನಡೆಯಿತು. ಅಷ್ಟು ವರ್ಷ ಯಾಕೆ ಸುಮ್ಮನಿದ್ದರು? ಅಪ್ಪ ಅಮ್ಮನ ಸೇವೆ ಹಾಳಾಗುತ್ತದೆ ಅನ್ನುವ ಭಯ ಮಕ್ಕಳ ಬಾಯಿ ಕಟ್ಟಿಹಾಕಿತ್ತು. ಇದನ್ನು ಕೇಳಿದ ಮೇಲೆ ತಂದೆ ವಾದ ಬಿಟ್ಟರು.

ಬೋರ್ಡಿಂಗ್ ಅಂದರೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಕೀನ್ಯಾದ ಕಿಜಾಬೆಯಲ್ಲಿ ರಿಫ್ಟ್ ವ್ಯಾಲಿ ಅಕಾಡೆಮಿ 1906ರಿಂದ ಇದೆ. ಇಂಥ ಶಾಲೆಗಳಲ್ಲಿ ಮಿಷನರಿ ಮಕ್ಕಳಿಗೆ ತಮ್ಮಂಥವರೇ ಸಿಗುತ್ತಾರೆ, 'ನಿನ್ನ ಊರು ಯಾವುದು' ಅಂದರೆ ತಡವರಿಸುವ ಮಗುವಿಗೆ ಅದು ಸಣ್ಣ ವಿಷಯವಲ್ಲ. ಆದರೆ ಅಲ್ಲಿ ಅಮೆರಿಕದ ಪಠ್ಯಕ್ರಮ. ಈ ಹುಡುಗಿ ಆಗಷ್ಟೇ ಕೇಂಬ್ರಿಡ್ಜ್ ಐಜಿಸಿಎಸ್‌ಇ (ನಮ್ಮ ಹತ್ತನೇ ತರಗತಿ ಮಟ್ಟದ ಬ್ರಿಟಿಷ್ ಮಾದರಿಯ ಪರೀಕ್ಷೆ) ಶುರುಮಾಡಿದ್ದಳು. ಅದು ಸಾಮಾನ್ಯವಾಗಿ ಎರಡು ವರ್ಷದ ಓದು, ನಡುವೆ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಮುಂದೆ ಯಾವ ದೇಶದ ಕಾಲೇಜಿಗೆ ಸೇರುತ್ತಾಳೆ ಅಂತ ಮೊದಲು ಯೋಚಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಪರೀಕ್ಷಾ ಬೋರ್ಡ್ ಆರಿಸಿ ಅಂದೆ.

ಮನೆಪಾಠದ ಬಗ್ಗೆ, ಅಂದರೆ ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವುದರ ಬಗ್ಗೆ, ತಾಯಿ ಬಾಯಿಬಿಟ್ಟದ್ದು ಕೊನೆಗೆ. ಅವರು ನರ್ಸ್. ಅಲ್ಲಿನ ಕ್ಲಿನಿಕ್‌ನಲ್ಲಿ ಪೂರ್ತಿ ದಿನದ ಕೆಲಸ ಅವರ ಹೆಸರಿನಲ್ಲೇ ಇತ್ತು, ಮಕ್ಕಳಿಗೆ ಪಾಠ ಹೇಳುವುದು ಯಾವ ಹೊತ್ತಿಗೆ ಅಂತ ಯಾರೂ ಕೇಳಿರಲಿಲ್ಲ! ಮನೆಪಾಠ ಬೇಕಾದರೆ ಕ್ಲಿನಿಕ್ ಕೆಲಸ ಅರ್ಧ ದಿನ ಅಂತ ಸಂಸ್ಥೆಯ ಹತ್ತಿರ ಬರೆಸಿಕೊಳ್ಳಿ, ಆಗದಿದ್ದರೆ ಆ ಯೋಚನೆ ಇವತ್ತೇ ಬಿಡಿ ಅಂದೆ. ಇನ್ನೊಂದು: ಮನೆಪಾಠಕ್ಕೆ ಎಲ್ಲ ದೇಶಗಳ ಕಾನೂನೂ ಒಪ್ಪುವುದಿಲ್ಲ. ಜರ್ಮನಿಯಲ್ಲಂತೂ ಶಾಲೆಗೆ ಕಳಿಸಲೇಬೇಕು. ಹೋಗುವ ದೇಶದ ನಿಯಮ ಮೊದಲೇ ವಿಚಾರಿಸಬೇಕು.

ಕೊನೆಗೆ ದಾರಿ ತೋರಿಸಿದ್ದು ಅವರ ನೇಮಕಪತ್ರವೇ. ಮೊದಲ ವರ್ಷ ಪೂರ್ತಿ ರಾಜಧಾನಿಯಲ್ಲಿದ್ದು ಸ್ಥಳೀಯ ಭಾಷೆ ಕಲಿಯಬೇಕು ಅಂತ ಅದರಲ್ಲೇ ಇತ್ತು. ಹಾಗಾದರೆ ಮೊದಲ ವರ್ಷವೇ ಬೋರ್ಡಿಂಗ್ ಯಾಕೆ? ಅದೇ ಕೇಂಬ್ರಿಡ್ಜ್ ಬೋರ್ಡ್ ಇರುವ ಶಾಲೆ ನಗರದಲ್ಲಿ ಹುಡುಕಿ, ಮಗಳು ಮನೆಯಿಂದಲೇ ಹೋಗಿಬರಲಿ, ಪರೀಕ್ಷೆ ಮುಗಿಯುವವರೆಗೆ ಒಳನಾಡಿಗೆ ಹೋಗುವುದನ್ನು ಇನ್ನೂ ಕೆಲವು ತಿಂಗಳು ಮುಂದೂಡಲು ಕೇಳಿ ಅಂದೆ. ಇಬ್ಬರಿಗೂ ಒಂದೇ ನ್ಯಾಯ ಅನ್ನುವ ಹಠವೂ ಬೇಡ. ಎಂಟು ವರ್ಷದವನು ಸ್ಥಳೀಯ ಶಾಲೆಯಲ್ಲಿ ಹೊಂದಿಕೊಂಡಾನು, ಮನೆಭಾಷೆಯ ಓದು ಬರಹ ಮಾತ್ರ ತಪ್ಪಬಾರದು. ಅವನನ್ನು ಈಗಲೇ ಹಾಸ್ಟೆಲ್‌ಗೆ ಬಿಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ ಅಂತ ನೇರವಾಗಿಯೇ ಹೇಳಿದೆ.

ಮುಂದೆ ಮಗಳಿಗೆ ಬೋರ್ಡಿಂಗ್ ಅಂತಾದರೆ ಅವಳೇ ಹೋಗಿ ನೋಡಬೇಕು. ಮಕ್ಕಳ ರಕ್ಷಣಾ ನೀತಿ ಬರಹದಲ್ಲಿದೆಯಾ, ದೂರು ಕೊಡಲು ಮಿಷನ್‌ಗೆ ಸೇರದ ಯಾರಾದರೂ ಇದ್ದಾರಾ, ಮನೆಗೆ ಫೋನ್ ಮಾಡುವಾಗ ಪಕ್ಕದಲ್ಲಿ ವಾರ್ಡನ್ ಕೂತಿರುತ್ತಾರಾ, ಇದೆಲ್ಲ ವಿಚಾರಿಸಬೇಕು. ಅವಳು ಸಾಕು ಅಂದರೆ ಶಾಲೆಯ ಆ ಟರ್ಮ್ ಮುಗಿದ ಮೇಲೆ ವಾಪಸ್ ಕರೆಸಿಕೊಳ್ಳುತ್ತೇವೆ ಅನ್ನುವ ಮಾತು ಕೊಡಬೇಕು, ಅದಕ್ಕೆ ಬೇಕಾದ ಹಣವನ್ನೂ ಈಗಲೇ ಬಜೆಟ್‌ನಲ್ಲಿ ಸೇರಿಸಬೇಕು. ಹಣ ಇಲ್ಲದ ಮಾತಿಗೆ ಬೆಲೆ ಇಲ್ಲ.

ಸಂಸ್ಥೆ ರಾಜಧಾನಿಯ ಏರ್ಪಾಡಿಗೆ ಒಪ್ಪಿತು, ಕ್ಲಿನಿಕ್ ಕೆಲಸದ ಅರ್ಧ ದಿನಕ್ಕೆ ಒಪ್ಪಲಿಲ್ಲ. ಅಲ್ಲಿಗೆ ಮನೆಪಾಠದ ಮಾತು ಮುಗಿಯಿತು. ಈಗ ಪ್ರಾರ್ಥನಾ ಪತ್ರ ಹೋಗುವ ಮೊದಲು ಮಗಳು ತನ್ನ ಬಗ್ಗೆ ಇರುವ ಸಾಲುಗಳನ್ನು ಓದುತ್ತಾಳೆ, ಬೇಡದ್ದನ್ನು ಹೊಡೆದು ಹಾಕುತ್ತಾಳೆ. ಬೋರ್ಡಿಂಗ್ ಬೇಕೋ ಬೇಡವೋ ಅಂತ ಅವಳಿನ್ನೂ ಹೇಳಿಲ್ಲ, ಪರೀಕ್ಷೆ ಮುಗಿಯಲಿ ಅಂದಿದ್ದಾಳೆ.